ಕೇಳಿದ್ದಕ್ಕೆ ಉತ್ತರ: ಗೊಬ್ಬರಗುಂಡಿಯಲ್ಲಿ ಸಿಕ್ಕಿದ್ದು ಹಾವಿನ ಮರಿ ಅಲ್ಲ

ಹೋದ ಸಂಚಿಕೆಯಲ್ಲಿ ಶಿರಸಿ ಕಡೆಯ ಓದುಗರೊಬ್ಬರು ಗೊಬ್ಬರಗುಂಡಿಯಲ್ಲಿ ಸಿಕ್ಕ ಪ್ರಾಣಿಯೊಂದರ ಫೋಟೋ ಕಳಿಸಿ, ‘ಇದು ಯಾವ ಹಾವಿನ ಮರಿ?’ ಅಂತ ಕೇಳಿದ್ದರು. ಹಾವೂ ಅಲ್ಲ, ಎರೆಹುಳುವೂ ಅಲ್ಲ, ಕಪ್ಪೆಯ ನೆಂಟ, ಸಿಸಿಲಿಯನ್ ಅಂತ ಎರಡೇ ಸಾಲಿನಲ್ಲಿ ಉತ್ತರ ಬರೆದು ಮುಗಿಸಿದ್ದೆ. ಆಮೇಲೆ ಬಂದ ಪತ್ರಗಳನ್ನು ನೋಡಿದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ನೋಡದವರಿಗಿಂತ ನೋಡಿಯೂ ಹಾವು ಅಂದುಕೊಂಡವರೇ ಜಾಸ್ತಿ ಅನಿಸುತ್ತದೆ. ಹಾಗಾಗಿ ಈ ಸಲ ಕೊಳೆರೋಗ, ಮಂಗನ ಕಾಟ, ಬ್ಯಾಂಕ್ ಸಾಲ ಎಲ್ಲ ಮುಂದಿನ ಸಂಚಿಕೆಗೆ. ಪೂರ್ತಿ ಅಂಕಣ ಈ ಕಾಲಿಲ್ಲದ ಪ್ರಾಣಿಗೆ.

ಪ್ರಶ್ನೆ: ನಮ್ಮ ತೋಟಕ್ಕೆ ಗೊಬ್ಬರ ಹಾಕುವಾಗ ಇಂಥದ್ದೇ ಒಂದು ಬಂತು. ಕೆಲಸದವನು ‘ಅಮ್ಮಾ, ಹಾವು’ ಅಂತ ಕೂಗಿ ಗುದ್ದಲಿಯಲ್ಲಿ ಎರಡು ತುಂಡು ಮಾಡಿಬಿಟ್ಟ. ಹಾವಲ್ಲ ಅಂತ ಗುರುತಿಸೋದು ಹೇಗೆ? ಹತ್ತಿರ ಹೋಗಿ ನೋಡುವಷ್ಟು ಧೈರ್ಯ ನನಗಂತೂ ಇಲ್ಲ. – ಗೃಹಿಣಿ, ಶಿರಸಿ ತಾಲೂಕು

ಹತ್ತಿರ ಹೋಗಲೇಬೇಕಾಗಿಲ್ಲ ಅಕ್ಕಾ, ನಾಲ್ಕು ಅಡಿ ದೂರದಿಂದ ನೋಡಿದರೂ ಗೊತ್ತಾಗುತ್ತದೆ. ಮೊದಲು ಮೈ ನೋಡಿ. ಹಾವಿನ ಮೈ ಒಣ, ಮೇಲೆ ಹುರುಪೆ ಕಾಣುತ್ತದೆ. ಸಿಸಿಲಿಯನ್ ಮೈ ಒದ್ದೆ, ನುಣುಪು, ಬಿಸಿಲು ಬಿದ್ದರೆ ಫಳಫಳ ಹೊಳೆಯುತ್ತದೆ, ಉದ್ದಕ್ಕೂ ಉಂಗುರ ಉಂಗುರವಾಗಿ ಗೆರೆಗಳಿರುತ್ತವೆ. ಆ ಗೆರೆಗಳನ್ನು ನೋಡಿಯೇ ಬಹಳ ಜನ ‘ಎಷ್ಟು ದೊಡ್ಡ ಎರೆಹುಳು ಮಾರಾಯ್ರೇ’ ಅನ್ನೋದು. ಆದರೆ ಎರೆಹುಳುವಿಗೆ ಮೂಳೆ ಇಲ್ಲ, ಹಲ್ಲಿಲ್ಲ, ಅದು ಹರಿಯುವಾಗ ಮೈ ಉದ್ದ ಆಗಿ ತೆಳ್ಳಗಾಗುತ್ತದೆ, ಮತ್ತೆ ಗಿಡ್ಡ ಆಗಿ ದಪ್ಪಗಾಗುತ್ತದೆ. ಇದಕ್ಕೆ ಗಟ್ಟಿ ತಲೆಬುರುಡೆ ಇದೆ, ದವಡೆ ಇದೆ, ಸರಿಯಾದ ಬಾಯಿ ಇದೆ.

ಇನ್ನು ನಾಲಿಗೆ. ಹಾವು ನಾಲಿಗೆ ಹೊರಹಾಕಿ ಆಡಿಸುತ್ತಲೇ ಇರುತ್ತದೆ, ಬೆರಳುದ್ದದ ಕುರುಡು ಹಾವು ಕೂಡ. ಸಿಸಿಲಿಯನ್ ನಾಲಿಗೆ ಕೆಳದವಡೆಗೆ ಅಂಟಿಕೊಂಡಿರುತ್ತದೆ, ಹೊರಗೆ ಬರುವುದೇ ಇಲ್ಲ. ಬಾಲವಂತೂ ಇದೆಯೋ ಇಲ್ಲವೋ ಅನ್ನುವಷ್ಟು ಚಿಕ್ಕದು. ಕೆಲವು ಜಾತಿಗಳಿಗೆ ಬಾಲವೇ ಇಲ್ಲ, ಮೈ ಮುಗಿದಲ್ಲಿಗೆ ಮುಗಿಯಿತು.

ನಮ್ಮ ಘಟ್ಟದ ಮೇಲೆ ಇನ್ನೊಂದು ಗೊಂದಲ ಉಂಟು. ಮಣ್ಣಿನೊಳಗೇ ಇರುವ, ಬಾಲದ ತುದಿ ಕತ್ತರಿಸಿದ ಹಾಗೆ ಚಪ್ಪಟೆ ಮತ್ತು ಒರಟಾಗಿರುವ ಹಾವುಗಳಿವೆ. ಅವೂ ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಸಿಗುತ್ತವೆ. ಅವು ನಿಜವಾಗಿಯೂ ಹಾವೇ, ಆದರೆ ವಿಷ ಇಲ್ಲದ ಪಾಪದ ಹಾವು. ಅಂದರೆ ಗೊಬ್ಬರದಲ್ಲಿ, ಸೊಪ್ಪಿನ ಅಡಿಯಲ್ಲಿ ಮಣ್ಣಿನಿಂದ ಹೊರಬರುವ ಈ ಬೆರಳು ದಪ್ಪದ ಪ್ರಾಣಿಗಳಲ್ಲಿ ಹೆಚ್ಚಿನವು ಗುದ್ದಲಿ ಎತ್ತುವಂಥವೇ ಅಲ್ಲ. ಹಾಗಂತ ಗುರುತು ಸಿಗದ ಯಾವುದನ್ನೂ ಕೈಯಲ್ಲಿ ಹಿಡಿಯಬೇಡಿ. ನಾಗರ, ಕೊಳಕುಮಂಡಲದ ಮರಿಗಳೂ ಇದೇ ತೋಟದಲ್ಲಿ ಓಡಾಡುತ್ತವೆ. ಒಂದು ಕೋಲಿನಲ್ಲಿ ಪಕ್ಕಕ್ಕೆ ಸರಿಸಿದರೆ ಅದು ತಾನಾಗಿಯೇ ಮಣ್ಣಿನೊಳಗೆ ಹೋಗುತ್ತದೆ.

ಪ್ರಶ್ನೆ: ಕಚ್ಚಿದರೆ ವಿಷ ಏರುತ್ತದಾ? – ಯಲ್ಲಾಪುರ

ಇಲ್ಲ. ಹಲ್ಲು ಇದೆ, ಮೇಲ್ದವಡೆಯಲ್ಲಂತೂ ಎರಡು ಸಾಲು ಇದೆ, ಚೂಪಾಗಿ ಹಿಂದಕ್ಕೆ ಬಾಗಿದ ಹಲ್ಲುಗಳು. ಆದರೆ ಅದು ಇರುವುದು ಎರೆಹುಳು ಜಾರಿಹೋಗದಂತೆ ಹಿಡಿಯಲು. ನಿಮ್ಮನ್ನು ಕಂಡರೆ ಅದಕ್ಕೆ ತಪ್ಪಿಸಿಕೊಂಡರೆ ಸಾಕಾಗಿರುತ್ತದೆ.

ಬ್ರೆಜಿಲ್ಲಿನ ಒಂದು ಜಾತಿಯ ಸಿಸಿಲಿಯನ್ ಹಲ್ಲಿನ ಬುಡದಲ್ಲಿ ಗ್ರಂಥಿಗಳಿವೆ, ಅದರ ರಸದಲ್ಲಿ ಹಾವಿನ ವಿಷದಲ್ಲಿ ಇರುವಂಥ ಕಿಣ್ವಗಳಿವೆ ಅಂತ 2020ರಲ್ಲಿ ಅಲ್ಲಿನ ವಿಜ್ಞಾನಿಗಳು ಬರೆದಿದ್ದರು. ಆಗ ‘ವಿಷದ ಕಪ್ಪೆಹಾವು’ ಅಂತ ವಾಟ್ಸಾಪಿನಲ್ಲಿ ಏನೇನೋ ಓಡಾಡಿತು. ಅದು ನಮ್ಮ ತೋಟದ್ದಲ್ಲ, ಅದನ್ನು ಓದಿ ಹೆದರಬೇಕಾಗಿಲ್ಲ. ಒಂದು ಮಾತು ಮಾತ್ರ ನೆನಪಿಡಿ. ಕಪ್ಪೆಗಳ ಹಾಗೆಯೇ ಇದರ ಚರ್ಮದಲ್ಲೂ ಲೋಳೆ ಮತ್ತು ಕಹಿ ರಸ ಒಸರುವ ಗ್ರಂಥಿಗಳಿವೆ, ತಿನ್ನಲು ಬಂದವರ ಬಾಯಿ ಕೆಡಿಸುವುದಕ್ಕೆ. ಮುಟ್ಟಿದರೆ ಕೈ ತೊಳೆಯಿರಿ, ಅದೇ ಕೈಯಲ್ಲಿ ಕಣ್ಣುಜ್ಜಬೇಡಿ. ಅಷ್ಟೇ.

ಪ್ರಶ್ನೆ: ಬಚ್ಚಲು ನೀರು ಹೋಗುವ ಜಾಗದಲ್ಲಿ ಆಗಾಗ ಬರುತ್ತದೆ. ಉಪ್ಪು ಹಾಕಿದರೆ ಸಾಯುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಹಾಕಬಹುದಾ? – ಕುಮಟಾ

ಸಾಯುತ್ತದೆ, ಅದಕ್ಕೇ ಹಾಕಬೇಡಿ. ಅದು ಉಸಿರಾಡುವುದು ಶ್ವಾಸಕೋಶದ ಜೊತೆಗೆ ಚರ್ಮದಿಂದಲೂ. ಒದ್ದೆ ಚರ್ಮದ ಮೇಲೆ ಉಪ್ಪು ಬಿದ್ದರೆ ಮೈಯ ನೀರೆಲ್ಲ ಹೊರಗೆಳೆದು ನರಳಿ ಸಾಯುತ್ತದೆ. ಬಚ್ಚಲಿಗೆ ಬಂದು ಅದು ನಿಮಗೆ ಮಾಡುವ ತೊಂದರೆಯಾದರೂ ಏನು? ಫಿನಾಯಿಲ್, ಬ್ಲೀಚಿಂಗ್ ಪೌಡರ್ ಕೂಡ ಹಾಗೆಯೇ. ಕಸದ ಮೊರದಲ್ಲಿ ಎತ್ತಿ ಬಾಳೆಬುಡಕ್ಕೆ ಬಿಡಿ.

ಪ್ರಶ್ನೆ: ನಾನು ಎಂಟನೇ ತರಗತಿ. ಅದಕ್ಕೆ ಕಣ್ಣೇ ಕಾಣಲಿಲ್ಲ. ಕಣ್ಣು, ಕೈ, ಕಾಲು ಒಂದೂ ಇಲ್ಲದೆ ಮಣ್ಣು ಹೇಗೆ ಕೊರೆಯುತ್ತದೆ, ಊಟ ಹೇಗೆ ಹುಡುಕುತ್ತದೆ? ಮೊದಲಿಂದಲೂ ಹೀಗೇ ಇತ್ತಾ? – ವಿದ್ಯಾರ್ಥಿನಿ, ಸಿದ್ದಾಪುರ

ತಂಗೀ, ಒಳ್ಳೆಯ ಪ್ರಶ್ನೆ. ಕಣ್ಣು ಇದೆ, ಆದರೆ ಚರ್ಮದ ಅಡಿಯಲ್ಲಿ ಸೇರಿಕೊಂಡಿದೆ, ಕೆಲವು ಜಾತಿಗಳಲ್ಲಿ ಮೂಳೆಯ ಅಡಿಗೇ ಹೋಗಿಬಿಟ್ಟಿದೆ. ಬೆಳಕು ಕತ್ತಲೆ ತಿಳಿದರೆ ಅದಕ್ಕೆ ಸಾಕು. ಅದರ ಬದಲಿಗೆ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಎರಡೂ ಬದಿಯಲ್ಲಿ ಒಂದೊಂದು ಪುಟ್ಟ ಮೀಸೆಯಂಥ ಅಂಗ ಇದೆ. ಒಳಗೆ ಎಳೆದುಕೊಳ್ಳುತ್ತದೆ, ಹೊರಗೆ ಚಾಚುತ್ತದೆ. ಮಣ್ಣಿನ ವಾಸನೆಯನ್ನು ಮುಟ್ಟಿ ಮುಟ್ಟಿ ತಿಳಿದುಕೊಳ್ಳುವುದು ಅದರಿಂದಲೇ. ಬೆನ್ನುಮೂಳೆ ಇರುವ ಬೇರೆ ಯಾವ ಪ್ರಾಣಿಗೂ ಇಂಥದ್ದು ಇಲ್ಲ. ಇನ್ನೂ ಮಜಾ ಅಂದರೆ, ಕಣ್ಣಿನ ಕೆಲಸ ಕಡಿಮೆ ಆಯಿತಲ್ಲ, ಕಣ್ಣನ್ನು ಆಡಿಸಬೇಕಾದ ಸ್ನಾಯು, ಕಣ್ಣನ್ನು ಒದ್ದೆ ಮಾಡಬೇಕಾದ ಗ್ರಂಥಿ ಎಲ್ಲ ಈಗ ಈ ಮೀಸೆಯ ಸೇವೆಗೆ ಹೋಗಿವೆ. ಮನೆಯಲ್ಲಿ ಹಳೆಯ ಸಾಮಾನು ಎಸೆಯದವರು ಇರುತ್ತಾರಲ್ಲ, ಪ್ರಕೃತಿಯೂ ಅದೇ ಜಾತಿ.

ಮಣ್ಣು ಕೊರೆಯುವುದು ತಲೆಯಿಂದ. ತಲೆಬುರುಡೆಯ ಮೂಳೆಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಬಲ ಬರುವುದು ಮೈಯಿಂದ. ಇದರ ಬೆನ್ನುಮೂಳೆ ಚರ್ಮಕ್ಕೆ ಪೂರ್ತಿ ಕಚ್ಚಿಕೊಂಡಿಲ್ಲ, ಸಡಿಲವಾದ ಕಾಲುಚೀಲದೊಳಗೆ ಕಾಲು ಆಡಿದ ಹಾಗೆ ಒಳಗಿಂದೊಳಗೇ ಬಾಗಿ ಮಡಚಿಕೊಳ್ಳುತ್ತದೆ. ಹೊರಗಿನ ಮೈ ಬಿಲದ ಗೋಡೆಗೆ ಒತ್ತಿಕೊಂಡು ನಿಂತಿರುತ್ತದೆ, ಒಳಗಿನ ಮೂಳೆಸಾಲು ನೆಟ್ಟಗಾಗುತ್ತಾ ತಲೆಯನ್ನು ಮುಂದಕ್ಕೆ ನೂಕುತ್ತದೆ. ಹೊಟ್ಟೆಯೊಳಗಿನ ದ್ರವದ ಒತ್ತಡವೂ ಜೊತೆಗೆ ಸೇರುತ್ತದೆ. ಹೀಗಾಗಿ ಅಷ್ಟೇ ಗಾತ್ರದ ಮಣ್ಣಿನ ಹಾವಿಗಿಂತ ಹೆಚ್ಚು ಬಲವಾಗಿ ಇದು ನುಗ್ಗಬಲ್ಲದು. ಎರೆಹುಳು ಸಿಕ್ಕಿದರೆ ಕಚ್ಚಿ ಹಿಡಿದು, ಬಿಲದೊಳಗೇ ತನ್ನ ಮೈಯನ್ನು ಗಿರಗಿರ ತಿರುಗಿಸಿ ತುಂಡು ಮಾಡುವುದೂ ಉಂಟು.

ಮೊದಲಿಂದ ಹೀಗಿರಲಿಲ್ಲ, ಕಾಲು ಇತ್ತು! ಅಮೆರಿಕದ ಅರಿಜೋನಾದಲ್ಲಿ ಸುಮಾರು 19 ಕೋಟಿ ವರ್ಷ ಹಳೆಯ ಸಿಸಿಲಿಯನ್ ಪಳೆಯುಳಿಕೆ ಸಿಕ್ಕಿದೆ, ಅದಕ್ಕೆ ನಾಲ್ಕು ಪುಟಾಣಿ ಕಾಲುಗಳಿವೆ. ಅದೇ ರಾಜ್ಯದಲ್ಲಿ ಇನ್ನೂ ಹಳೆಯದು, ಸುಮಾರು 22 ಕೋಟಿ ವರ್ಷದ್ದು, ಸಿಕ್ಕಿದ್ದನ್ನು 2023ರಲ್ಲಿ ಪ್ರಕಟಿಸಿದರು. ನಿಮ್ಮ ಪುಸ್ತಕದಲ್ಲಿ ಉಭಯವಾಸಿ ಅಂದರೆ ಕಪ್ಪೆಯ ಚಿತ್ರ ಒಂದೇ ಇರುತ್ತದೆ ಅಲ್ವಾ? ಕಪ್ಪೆ, ಸಾಲಮಾಂಡರ್, ಸಿಸಿಲಿಯನ್ ಅಂತ ಮೂರು ಗುಂಪು. ಟೀಚರ್ ಹತ್ತಿರ ಮೂರನೆಯದನ್ನು ಕೇಳಿ ನೋಡು.

ಪ್ರಶ್ನೆ: ಕಾರವಾರದ ಬೀಚಿನಲ್ಲಿ, ಹಿನ್ನೀರಿನಲ್ಲಿ ಹಾವಿನ ಹಾಗಿರುವುದು ಬಲೆಗೆ ಬೀಳುತ್ತದೆ. ಅದೂ ಇದೇನಾ? – ಕಾರವಾರ

ಅಲ್ಲ. ಅದು ಹಾವುಮೀನು ಇರಬೇಕು, ಇಲ್ಲವಾದರೆ ಕಡಲ ಹಾವು. ಮೀನಾದರೆ ರೆಕ್ಕೆ, ಕಿವಿರು ಕಾಣುತ್ತವೆ. ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ ಇದ್ದರೆ ಕಡಲ ಹಾವು, ಅದಕ್ಕೆ ಭಯಂಕರ ವಿಷ. ಬಲೆ ಬಿಡಿಸುವಾಗ ಜಾಗ್ರತೆ. ಸಿಸಿಲಿಯನ್‌ಗೆ ಉಪ್ಪು ನೀರು ಆಗಿಬರುವುದಿಲ್ಲ, ಮೇಲೆ ಕುಮಟೆಯವರಿಗೆ ಹೇಳಿದ ಕಾರಣವೇ.

ಆದರೆ ನೀವು ಸಮುದ್ರದ ಮಾತು ಎತ್ತಿದ್ದು ಒಳ್ಳೆಯದಾಯಿತು, ಯಾಕೆಂದರೆ ಈ ಪ್ರಾಣಿಯ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದು. ಪಶ್ಚಿಮ ಘಟ್ಟದಲ್ಲಿ ಗೆಜೆನಿಯೋಫಿಸ್ ಅಂತ ಒಂದು ಕುಲದ ಸಿಸಿಲಿಯನ್‌ಗಳಿವೆ. ಇವುಗಳ ಹತ್ತಿರದ ನೆಂಟರು ಎಲ್ಲಿದ್ದಾರೆ ಗೊತ್ತಾ? ಅಸ್ಸಾಮಿನಲ್ಲಲ್ಲ, ಶ್ರೀಲಂಕಾದಲ್ಲೂ ಅಲ್ಲ. ನಿಮ್ಮ ಬೀಚಿನಲ್ಲಿ ನಿಂತು ನೈಋತ್ಯಕ್ಕೆ ಮುಖ ಮಾಡಿದರೆ ಸಾವಿರಾರು ಕಿಲೋಮೀಟರ್ ಆಚೆ ಸಿಗುವ ಸೀಶೆಲ್ಸ್ ದ್ವೀಪಗಳಲ್ಲಿ! ಉಪ್ಪು ತಾಗಿದರೆ ಸಾಯುವ ಪ್ರಾಣಿ ಅಷ್ಟು ದೊಡ್ಡ ಸಮುದ್ರ ದಾಟಿದ್ದಾದರೂ ಹೇಗೆ? ದಾಟಲೇ ಇಲ್ಲ. ನೆಲವೇ ಹರಿದು ದೂರ ಹೋಯಿತು. ಭಾರತ, ಸೀಶೆಲ್ಸ್, ಮಡಗಾಸ್ಕರ್, ಆಫ್ರಿಕ ಎಲ್ಲ ಒಂದು ಕಾಲಕ್ಕೆ ಒಂದೇ ನೆಲವಾಗಿದ್ದವು. ಕೊನೆಗೆ ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಸೀಶೆಲ್ಸ್ ಮತ್ತು ಭಾರತ ಬೇರೆಯಾದವು. ಮಣ್ಣಿನೊಳಗೆ ಇದ್ದ ಇವು ತಮ್ಮ ಪಾಡಿಗೆ ಎರೆಹುಳು ತಿನ್ನುತ್ತಾ ಇದ್ದವು, ಮನೆ ಮಾತ್ರ ಪಾಲಾಯಿತು.

ಎಲ್ಲವೂ ಹೀಗೆ ಲೆಕ್ಕಕ್ಕೆ ಸಿಗುವುದಿಲ್ಲ ಅನ್ನಿ. ಮಡಗಾಸ್ಕರಿನಲ್ಲಿ ಇಷ್ಟು ಕಪ್ಪೆಗಳಿವೆ, ಸಿಸಿಲಿಯನ್ ಒಂದೂ ಇಲ್ಲ. ಅದೇ ಆಫ್ರಿಕದ ಪಶ್ಚಿಮಕ್ಕಿರುವ ಸಾವೊ ಟೋಮೆ ಅನ್ನುವುದು ಜ್ವಾಲಾಮುಖಿಯಿಂದ ಎದ್ದ ದ್ವೀಪ, ಯಾವತ್ತೂ ದೊಡ್ಡ ನೆಲಕ್ಕೆ ಅಂಟಿರಲೇ ಇಲ್ಲ. ಅಲ್ಲಿ ಅಚ್ಚ ಹಳದಿ ಬಣ್ಣದ ಸಿಸಿಲಿಯನ್ ಆರಾಮಾಗಿ ಬದುಕಿದೆ. ನೆರೆಯಲ್ಲಿ ಮಣ್ಣು ಸಮೇತ ಕಿತ್ತುಬಂದ ಮರದ ಬುಡದಲ್ಲಿ ತೇಲಿ ಹೋಗಿರಬಹುದು ಅನ್ನುವುದು ಒಂದು ಊಹೆ.

ಪ್ರಶ್ನೆ: ಕಪ್ಪೆ ಜಾತಿ ಅಂದಮೇಲೆ ನೀರಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ, ಮರಿಯ ಗೋಜೇ ಇಲ್ಲ, ಅಲ್ಲವೇ? – ನಿವೃತ್ತ ಶಿಕ್ಷಕರು, ಹೊನ್ನಾವರ

ಮಾಸ್ತರ್ರೇ, ಕಪ್ಪೆಗಳೆಲ್ಲ ಹಾಗೆ ಅನ್ನುವುದನ್ನೇ ಮೊದಲು ಒಪ್ಪುವುದಿಲ್ಲ. ನಿಮ್ಮ ಊರಿನಿಂದ ದೂರ ಅಲ್ಲದ ಕತ್ತಲೆಕಾನಿನ ಹಳ್ಳಗಳಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಿ ಅದಕ್ಕೆ ಹೆಸರಿಟ್ಟಿದ್ದು. ಗಂಡು ಮುಂಗಾಲಿನಲ್ಲಿ ಕೆಸರು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಅಪ್ಪನೇ ಅಷ್ಟು ಮಾಡಿದರೆ ಸಿಸಿಲಿಯನ್ ಅಮ್ಮ ಏನು ಮಾಡುತ್ತಾಳೆ ನೋಡಿ.

ನಮ್ಮ ಕಡೆ ಕಾಣುವ ದೊಡ್ಡ ಜಾತಿಗಳು ಇಕ್ತಿಯೋಫಿಸ್ ಕುಲದವು. ಹೆಣ್ಣು ನೀರಿನ ಹತ್ತಿರ, ಆದರೆ ನೀರಿನಲ್ಲಲ್ಲ, ಒದ್ದೆ ಮಣ್ಣಿನ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಗಳೆಲ್ಲ ಒಂದಕ್ಕೊಂದು ದಾರದಂಥ ಲೋಳೆಯಿಂದ ಅಂಟಿಕೊಂಡು ಗೊಂಚಲಾಗಿರುತ್ತವೆ. ತಾಯಿ ಅದರ ಸುತ್ತ ಸುತ್ತಿಕೊಂಡು ಮಲಗಿಬಿಡುತ್ತದೆ. ಮರಿ ಹೊರಬಂದ ಮೇಲೆ ಹಳ್ಳಕ್ಕೋ ಬಸಿಗಾಲುವೆಗೋ ಇಳಿಯುತ್ತದೆ. ಬಾಲಕ್ಕೆ ಸಣ್ಣ ರೆಕ್ಕೆಪಟ್ಟಿ ಇರುವ ಈ ಮರಿ ಕೆಲವು ತಿಂಗಳು ನೀರಿನಲ್ಲಿ ಬೆಳೆದು ಆಮೇಲೆ ಮಣ್ಣು ಸೇರುತ್ತದೆ. ತೋಟದ ಕಾಲುವೆ ಹೂಳೆತ್ತುವಾಗ ಕೆಸರಿನಲ್ಲಿ ಸಿಗುವ ಕಪ್ಪು ಹುಳದಂಥ ಮರಿ ಇದೂ ಆಗಿರಬಹುದು, ದಡದ ಬಿಸಿಲಿಗೆ ಎಸೆಯುವ ಮೊದಲು ಒಮ್ಮೆ ನೋಡಿ. ಗೆಜೆನಿಯೋಫಿಸ್ ಕುಲದ ಕೆಲವುಗಳಿಗೆ ನೀರಿನ ಹಂಗೂ ಇಲ್ಲ, ಮೊಟ್ಟೆಯೊಳಗೇ ಮರಿಯ ರೂಪ ಪೂರ್ತಿ ಆಗಿ ಹೊರಗೆ ಬರುತ್ತದೆ. ಅದೇ ಕುಲದ ಕೊಂಕಣದ ಒಂದು ಜಾತಿ, ರತ್ನಾಗಿರಿ ಕಡೆಯದು, ಮೊಟ್ಟೆಯನ್ನೇ ಇಡದೆ ನೇರ ಮರಿ ಹಾಕುತ್ತದೆ. ಏಷ್ಯಾದ ಸಿಸಿಲಿಯನ್‌ಗಳಲ್ಲಿ ಮರಿ ಹಾಕುವುದು ಮೊದಲ ಸಲ ಗೊತ್ತಾಗಿದ್ದು ಅದರಲ್ಲೇ, 2008ರಲ್ಲಿ.

ಇಷ್ಟಕ್ಕೇ ನಿಮಗೆ ಆಶ್ಚರ್ಯ ಆದರೆ ಆಫ್ರಿಕಕ್ಕೆ ಬನ್ನಿ. ಕೀನ್ಯಾದ ತೈತಾ ಬೆಟ್ಟಗಳ ಒಂದು ಜಾತಿಯಲ್ಲಿ ಮೊಟ್ಟೆ ಒಡೆದ ಮೇಲೆ ತಾಯಿಯ ಹೊರಚರ್ಮ ದಪ್ಪವಾಗುತ್ತದೆ, ಕೊಬ್ಬು ತುಂಬಿಕೊಳ್ಳುತ್ತದೆ. ಮರಿಗಳಿಗೆ ಆ ಕಾಲಕ್ಕೆ ಮಾತ್ರ ಇರುವ ವಿಶೇಷ ಹಲ್ಲುಗಳಿವೆ. ಅವು ತಾಯಿಯ ಮೈಮೇಲೆ ಹರಿದಾಡುತ್ತಾ ಆ ಚರ್ಮವನ್ನು ಕೆರೆದು ತಿನ್ನುತ್ತವೆ! ತಾಯಿ ಸುಮ್ನೆ ಬಿದ್ದಿರುತ್ತಾಳೆ. ಚರ್ಮ ಮತ್ತೆ ಬೆಳೆಯುತ್ತದೆ, ಮತ್ತೆ ತಿನ್ನುತ್ತವೆ. ಒಂದು ವಾರದಲ್ಲಿ ತಾಯಿಯ ತೂಕ ಸುಮಾರು ಶೇಕಡಾ 14ರಷ್ಟು ಇಳಿಯುತ್ತದೆ ಅಂತ 2006ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಸಹ್ಯ ಅಂತ ಮುಖ ತಿರುಗಿಸುವವರು ಇರಬಹುದು, ನನಗೆ ಹಾಗೆ ಅನಿಸಲಿಲ್ಲ.

ಬ್ರೆಜಿಲ್ಲಿನ ಜಾತಿಯೊಂದು ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಮರಿಗಳು ಚರ್ಮ ತಿನ್ನುವುದೇನೋ ಆಗಾಗ, ಆದರೆ ಬೆಳೆಯುವುದು ನೋಡಿದರೆ ಅಷ್ಟರಿಂದಲೇ ಅಲ್ಲ ಅನ್ನುವ ಅನುಮಾನ ಸಂಶೋಧಕರಿಗೆ ಇತ್ತು. ಸಾವೊ ಪೌಲೊದ ಬುಟಾಂಟನ್ ಸಂಸ್ಥೆಯವರು ಕ್ಯಾಮೆರಾ ಇಟ್ಟು ನೋಡಿದರು. ಮರಿಗಳು ತಾಯಿಯ ಹಿಂಬದಿಗೆ ಹೋಗಿ, ಸಣ್ಣಗೆ ಸದ್ದು ಮಾಡಿ, ದಿನಕ್ಕೆ ಹಲವು ಸಲ ಹಾಲು ಕೇಳಿ ಕುಡಿಯುತ್ತವೆ. ಹಾಲು ಅಂದರೆ ಹಸುವಿನ ಹಾಲಲ್ಲ, ಹಿಂದಿನ ದ್ವಾರದಿಂದ ಒಸರುವ, ಕೊಬ್ಬು ಮತ್ತು ಸಕ್ಕರೆಯ ಅಂಶ ಇರುವ ದ್ರವ. 2024ರಲ್ಲಿ ಇದು ಪ್ರಕಟವಾಯಿತು. ಮೊಟ್ಟೆ ಇಡುವ ಪ್ರಾಣಿ, ಮೇಲಿಂದ ಉಭಯವಾಸಿ, ಮರಿಗೆ ಹಾಲು ಕುಡಿಸುತ್ತದೆ. ‘ಹಾಲು ಕೊಡುವುದು ಸಸ್ತನಿ’ ಅಂತ ಬೋರ್ಡಿನ ಮೇಲೆ ಬರೆಸಿದ್ದೀರಲ್ಲ, ಕೆಳಗೆ ಸಣ್ಣದೊಂದು ಟಿಪ್ಪಣಿ ಸೇರಿಸಬೇಕು ಮಾಸ್ತರ್ರೇ.

ಪ್ರಶ್ನೆ: ಎರಡು ತಲೆ ಹಾವಿಗೆ ಲಕ್ಷಗಟ್ಟಲೆ ಕೊಡುವವರಿದ್ದಾರಂತೆ. ಇದಕ್ಕೂ ತಲೆ, ಬಾಲ ಒಂದೇ ಥರ ಇದೆಯಲ್ಲ? – ಅಂಕೋಲಾ

ಅದು ಬೇರೆ, ಮಣ್ಣುಮುಕ್ಕ ಹಾವು. ಅದಕ್ಕೂ ಒಂದೇ ತಲೆ. ಆ ಲಕ್ಷದ ಕಥೆ ಪೂರ್ತಿ ಮೋಸ, ಹಿಡಿದರೂ ಮಾರಿದರೂ ವನ್ಯಜೀವಿ ಕಾನೂನಿನಲ್ಲಿ ಜೈಲು. ಈ ವಿಷಯಕ್ಕೆ ಇನ್ನೊಮ್ಮೆ ಪತ್ರ ಬರೆಯಬೇಡಿ.

ಪ್ರಶ್ನೆ: ಎರೆಹುಳು ತಿನ್ನುತ್ತದೆ ಅಂತೀರಿ. ನಾನು ಕಷ್ಟಪಟ್ಟು ಎರೆಗೊಬ್ಬರ ಮಾಡುತ್ತಿದ್ದೇನೆ. ಹಾಗಾದರೆ ಇದು ರೈತನಿಗೆ ಶತ್ರು ಅಲ್ಲವಾ? ಅಡಿಕೆ ಬೇರನ್ನೂ ತಿನ್ನುತ್ತದಾ? – ಅಡಿಕೆ ಬೆಳೆಗಾರರು, ಶಿರಸಿ

ಬೇರು ತಿನ್ನುವುದಿಲ್ಲ. ಗಿಡದ ಯಾವ ಭಾಗವೂ ಅದರ ಊಟ ಅಲ್ಲ, ಇದು ಶುದ್ಧ ಮಾಂಸಾಹಾರಿ. ಅಡಿಕೆ ಬೇರು ತಿನ್ನುವುದು ಬೇರುಹುಳ, ಅದರ ಸಿಟ್ಟನ್ನು ಇದರ ಮೇಲೆ ತೀರಿಸಿಕೊಳ್ಳಬೇಡಿ. ಎರೆಹುಳು ತಿನ್ನುತ್ತದೆ, ಸುಳ್ಳು ಹೇಳುವುದಿಲ್ಲ. ಜೊತೆಗೆ ಒರಲೆ, ಇರುವೆ, ಮಣ್ಣಿನ ಹುಳಗಳನ್ನೂ ತಿನ್ನುತ್ತದೆ. ಸಿಮೆಂಟಿನ ತೊಟ್ಟಿಯಲ್ಲಿ ಎರೆಗೊಬ್ಬರ ಮಾಡುತ್ತಿದ್ದರೆ ಅಲ್ಲಿಗೆ ಬರುವುದೂ ಕಷ್ಟ, ಬಂದರೆ ಎತ್ತಿ ತೋಟಕ್ಕೆ ಬಿಡಿ. ತೋಟದಲ್ಲಿ ಒಂದೆರಡು ಸಿಸಿಲಿಯನ್ ತಿಂದು ಎರೆಹುಳು ಕಡಿಮೆ ಆಗುವುದಾದರೆ ಆ ತೋಟದಲ್ಲಿ ಬೇರೆಯೇ ಏನೋ ತೊಂದರೆ ಇದೆ ಅಂತ ಅರ್ಥ.

ನನ್ನ ಲೆಕ್ಕ ಉಲ್ಟಾ. ಈ ಪ್ರಾಣಿ ಇರಬೇಕಾದರೆ ಮಣ್ಣು ಮೆತ್ತಗಿರಬೇಕು, ತೇವ ಇರಬೇಕು, ತಿನ್ನಲು ಹುಳ ಇರಬೇಕು. ಬೆಟ್ಟದಿಂದ ದರಕು, ಸೊಪ್ಪು ತಂದು ಹಾಸಿ, ಕೊಟ್ಟಿಗೆ ಗೊಬ್ಬರ ಹಾಕಿ ತೋಟ ಮಾಡುವ ನಮ್ಮ ಹಳೆಯ ಕ್ರಮ ಇದೆಯಲ್ಲ, ಅದು ಇವಕ್ಕೆ ಹೇಳಿ ಮಾಡಿಸಿದ ಜಾಗ. ಈಗ ಆಳು ಸಿಗುವುದಿಲ್ಲ ಅಂತ ಕಳೆನಾಶಕ ಹೊಡೆಯುತ್ತೇವೆ, ಜೆಸಿಬಿ ತಂದು ಕಾಲುವೆ ಬಗೆಯುತ್ತೇವೆ, ಸೊಪ್ಪಿನ ಬೆಟ್ಟವನ್ನೇ ನುಣ್ಣಗೆ ಮಾಡಿ ಹೊಸ ತೋಟ ಎಬ್ಬಿಸುತ್ತೇವೆ. ಆಳಿನ ಕಷ್ಟ ಸುಳ್ಳಲ್ಲ, ನಾನು ಉಪದೇಶ ಮಾಡುವ ಜಾಗದಲ್ಲೂ ಇಲ್ಲ. ಆದರೆ ತೆಳು ಚರ್ಮದಿಂದ ಉಸಿರಾಡುವ ಪ್ರಾಣಿಗೆ ಔಷಧಿ ಹೊಡೆದ ಮಣ್ಣು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕನಿಷ್ಠ ಕಾಲುವೆಯ ಅಂಚಿಗಾದರೂ ಹೊಡೆಯದೆ ಬಿಡಿ, ಮೊಟ್ಟೆ ಇಡುವುದು ಅಂಥಲ್ಲೇ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಯಾವ ಯಾವ ಜಾತಿ ಇವೆ? ಯಾವಾಗ ಕಾಣುತ್ತವೆ? ಕಂಡರೆ ಯಾರಿಗೆ ಹೇಳಬೇಕು? – ಕಾಲೇಜು ವಿದ್ಯಾರ್ಥಿ, ಜೋಯಿಡಾ

ಪ್ರಪಂಚದಲ್ಲಿ 200ಕ್ಕೂ ಹೆಚ್ಚು ಜಾತಿ ಇವೆ, ಭಾರತದಲ್ಲಿ ಸುಮಾರು 40, ಅದರಲ್ಲಿ ಹೆಚ್ಚಿನವು ಪಶ್ಚಿಮ ಘಟ್ಟದಲ್ಲೇ. ನಮ್ಮ ಕಡೆ ಸುಲಭವಾಗಿ ಗುರುತಿಸಬಹುದಾದದ್ದು ಇಕ್ತಿಯೋಫಿಸ್ ಬೆಡ್ಡೊಮಿ. ಕಂದು, ನೇರಳೆ ಮಿಶ್ರ ಮೈ, ಎರಡೂ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಹಳದಿ ಪಟ್ಟಿ. ಹಳದಿ ಪಟ್ಟಿ ಇಲ್ಲದ, ಒಂದೇ ಬಣ್ಣದ ಇಕ್ತಿಯೋಫಿಸ್ ಬಾಂಬೆಯೆನ್ಸಿಸ್ ಕೂಡ ಇದೆ. ಗೆಜೆನಿಯೋಫಿಸ್‌ಗಳು ಚಿಕ್ಕವು, ತೆಳ್ಳಗೆ, ನಸುಗೆಂಪು, ಥೇಟ್ ಎರೆಹುಳು. ನಮ್ಮ ಸುತ್ತಮುತ್ತಲೇ ಇವುಗಳ ಹೊಸ ಹೊಸ ಜಾತಿ ಸಿಗುತ್ತಾ ಬಂದಿವೆ. ಉಡುಪಿ ಜಿಲ್ಲೆಯ ಒಂದನ್ನು ಗೋಪಾಲಕೃಷ್ಣ ಭಟ್ಟ ಮತ್ತು ಶ್ರೀನಿವಾಸ 2004ರಲ್ಲಿ ವಿವರಿಸಿದರು. 2007ರಲ್ಲಿ ನಿಮ್ಮ ಜೋಯಿಡಾದ ಉತ್ತರಕ್ಕಿರುವ ಚೋರ್ಲಾ ಕಡೆಯಿಂದ ಇನ್ನೊಂದು ಬಂತು, ಅದಕ್ಕೆ ಮಹದಾಯಿ ನದಿಯ ಹೆಸರೇ ಇಟ್ಟಿದ್ದಾರೆ. ದಕ್ಷಿಣಕ್ಕೊಂದು, ಉತ್ತರಕ್ಕೊಂದು ಸಿಕ್ಕಿದೆ ಅಂದಮೇಲೆ ನಡುವಿನ ನಮ್ಮ ಜಿಲ್ಲೆಯನ್ನು ಇನ್ನಷ್ಟು ಬಗೆದು ನೋಡಬೇಕಾಗಿದೆ ಅಂತ ನನಗಂತೂ ಅನಿಸುತ್ತದೆ. ಕಾಲೇಜು ಹುಡುಗರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕಾ?

ಕಾಣುವುದು ಮಳೆಗಾಲದಲ್ಲಿ. ಮಳೆ ಜೋರಾಗಿ ಮಣ್ಣೆಲ್ಲ ನೀರು ಕುಡಿದ ರಾತ್ರಿ ಮೇಲೆ ಬರುತ್ತವೆ, ರಸ್ತೆ ದಾಟುವಾಗ ಗಾಡಿಗೆ ಸಿಕ್ಕಿ ಸಾಯುವುದೂ ಆಗಲೇ. ಹಗಲಾದರೆ ಕೊಳೆತ ಬಾಳೆಬುಡ, ಗೊಬ್ಬರದ ರಾಶಿ, ಹಳ್ಳದ ಪಕ್ಕದ ಕಲ್ಲಿನ ಅಡಿ ನೋಡಿ. ಕಲ್ಲು ಎತ್ತಿದರೆ ಮತ್ತೆ ಹಾಗೆಯೇ ಇಡಿ.

ಫೋಟೋ ತೆಗೆಯುವಾಗ ತಲೆಯ ಪಕ್ಕದ ನೋಟ ಒಂದು, ಬಾಲದ ತುದಿಯ ಕೆಳಭಾಗ ಒಂದು, ಪೂರ್ತಿ ಮೈ ಒಂದು, ಪಕ್ಕದಲ್ಲಿ ಒಂದು ಸ್ಕೇಲ್ ಇಲ್ಲವೇ ನಾಣ್ಯ. ಜಾಗ, ದಿನ, ಸಮಯ ಬರೆದಿಡಿ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನುವ ಜಾಲತಾಣದಲ್ಲಿ ಹಾಕಿದರೆ ತಿಳಿದವರ ಕಣ್ಣಿಗೆ ಬೀಳುತ್ತದೆ. ಶಿರಸಿಯ ಅರಣ್ಯ ಕಾಲೇಜಿನಲ್ಲೂ ತೋರಿಸಬಹುದು. ಸತ್ತದ್ದು ಸಿಕ್ಕಿದರೂ ಫೋಟೋ ತೆಗೆಯಿರಿ, ರಸ್ತೆಯಲ್ಲಿ ಸತ್ತದ್ದೂ ದಾಖಲೆಯೇ. ಬಾಟಲಿಯಲ್ಲಿ ಹಾಕಿ ಮನೆಗೆ ತರಬೇಡಿ, ಬಿಸಿಲಿನ ಸಿಮೆಂಟ್ ಕಟ್ಟೆಯ ಮೇಲೆ ಇಟ್ಟು ಫೋಟೋ ತೆಗೆಯಬೇಡಿ, ಸ್ವಲ್ಪ ಹೊತ್ತಿಗೇ ಮೈ ಒಣಗುತ್ತದೆ. ಸಿಸಿಲಿಯನ್ನೇ ಅಂತ ಖಾತ್ರಿ ಆದರೆ ಮಾತ್ರ ಕೈ ಒದ್ದೆ ಮಾಡಿಕೊಂಡು ಒದ್ದೆ ಎಲೆಯ ಮೇಲೆ ಎತ್ತಿ, ಫೋಟೋ ಮುಗಿದ ಕೂಡಲೇ ಸಿಕ್ಕಿದ ಜಾಗದಲ್ಲೇ ಸಡಿಲ ಮಣ್ಣಿನ ಮೇಲೆ ಬಿಡಿ.